ಮಹಾನವಮಿಗೆ ಮೊದಲು ಬಂದ ಗಾಣ

ನವೆಂಬರ್ 17, ಸೋಮವಾರ

ಬಡವರ ಹೆಸರಿನಲ್ಲಿ ತೆಗೆದಿಟ್ಟ ಹಣವನ್ನು ಬಡವರು ಬಂದು ಕೇಳಿದಾಗ ಇಲ್ಲ ಎನ್ನುವುದು ಕಳ್ಳತನ. ಇವತ್ತು ಮಧ್ಯಾಹ್ನ ಹನ್ನೆರಡೂ ಕಾಲಿಗೆ, ಜಗಳೂರಿನ ಬ್ಯಾಂಕಿನಲ್ಲಿ, ನನ್ನ ಕಣ್ಣೆದುರೇ ಆ ಕಳ್ಳತನ ನಡೆಯಿತು. ಮೋಸ ಹೋದವಳು ನನ್ನ ಸೋದರತ್ತೆ ಗಾದ್ರಮ್ಮ.

ಅವಳು ಕೇಳಿದ್ದು ದಾನವಲ್ಲ. ಶೇಂಗಾ ಎಣ್ಣೆ ತೆಗೆಯುವ, ಕಬ್ಬಿಣದ ಚೌಕಟ್ಟಿನಲ್ಲಿ ಕರೆಂಟಿನಿಂದ ತಿರುಗುವ ಒಂದು ಮರದ ಗಾಣ. ಸಣ್ಣ ಆಹಾರ ಉದ್ಯಮ ಮಾಡುವವರಿಗೆ ಸರ್ಕಾರ ಬ್ಯಾಂಕಿನಿಂದ ಸಾಲ ಕೊಡಿಸುತ್ತದೆ, ಅದರಲ್ಲಿ ಅರ್ಧ ಸಬ್ಸಿಡಿ. ಆಗಸ್ಟ್‌ನಲ್ಲೇ ಅರ್ಜಿ ಹಾಕಿದೆವು. ತುಂಬಿದವನು ನಾನೇ. ನಮ್ಮ ಹಟ್ಟಿಯ ಸುತ್ತಲಿನ ಹನ್ನೊಂದು ಊರಿನವರು ಎಣ್ಣೆ ಮಾಡಿಸಲು ಶೇಂಗಾ ಚೀಲ ಬಸ್ಸಿಗೆ ಹಾಕಿಕೊಂಡು ದಾವಣಗೆರೆಗೆ ಹೋಗುತ್ತಾರೆ. ಅತ್ತೆಯ ಮನೆಯ ಪಕ್ಕದ ಕೋಣೆಯಲ್ಲಿ ಗಾಣ ತಿರುಗಿದರೆ ಆ ಹನ್ನೊಂದು ಊರೂ ಅವಳ ಬಾಗಿಲಿಗೆ ಬರುತ್ತವೆ. ಇಪ್ಪತ್ತು ವರ್ಷದಿಂದ ಕೂಲಿಗೆ ಹೋಗುತ್ತಿರುವವಳು ಇನ್ನು ಹೋಗಬೇಕಾಗಿಲ್ಲ.

ಗಾಣ ಈಗಾಗಲೇ ಕೋಣೆಯಲ್ಲಿದೆ. ನ್ಯಾಮತಿಯ ಕೊಟ್ರಬಸಪ್ಪನವರ ಕಾರ್ಖಾನೆಯದು. ಮಹಾನವಮಿಯ ಹಿಂದಿನ ದಿನ ತಂದೆವು. ಅತ್ತೆ ತನ್ನ ಎಂಟೂ ಕುರಿ ಮಾರಿ ಅರ್ಧ ದುಡ್ಡು ಕೊಟ್ಟಿದ್ದಾಳೆ. ಉಳಿದರ್ಧ ಸಾಲ ಬಂದ ಮೇಲೆ, ಸಂಕ್ರಾಂತಿಯೊಳಗೆ. ಕೊಡದಿದ್ದರೆ ಅವರು ಗಾಣ ಹೊತ್ತುಕೊಂಡು ಹೋಗುತ್ತಾರೆ, ಕುರಿಯ ದುಡ್ಡೂ ಹೋಗುತ್ತದೆ. ಮಾತು ಹಾಗೆ ಆಗಿದೆ.

ಹೋದ ವಾರ ಬ್ಯಾಂಕಿನವರು ಬಂದು ಗಾಣದ ಫೋಟೊ ತೆಗೆದುಕೊಂಡು ಹೋಗಿದ್ದರು. ನಾವು ಸಂತೋಷಪಟ್ಟೆವು. ಇವತ್ತು ಮ್ಯಾನೇಜರ್ ನಾಗೇಂದ್ರಪ್ಪ ಫೈಲನ್ನು ಅತ್ತೆಯ ಕಡೆ ಸರಿಸಿದರು.

"ಅಮ್ಮಾ, ಸಾಲ ಮಂಜೂರಾಗಾಕೆ ಮೊದ್ಲೇ ಯಂತ್ರ ತಂದೀರಿ. ಬಿಲ್ಲು ಸೆಪ್ಟೆಂಬರ್ ಮೂವತ್ತರದ್ದೈತೆ. ಇಂಥದ್ದಕ್ಕೆ ಸಬ್ಸಿಡಿ ಬರಲ್ಲ."

"ತಂದು ಇಟ್ಕಂಡೀನ್ರೀ. ಕದ್ದಿಲ್ವಲ್ಲ," ಅಂದಳು ಅತ್ತೆ.

ನಾನು ಎದ್ದು ನಿಂತೆ. ಇದು ಜನರ ಹಣ, ನಿಮ್ಮಪ್ಪನ ಮನೆಯದಲ್ಲ ಎಂದೆ. ಸಾಲಿನಲ್ಲಿದ್ದವರೆಲ್ಲ ಒಮ್ಮೆ ನನ್ನ ಕಡೆ ತಿರುಗಿ, ಮತ್ತೆ ಕೈಯಲ್ಲಿದ್ದ ಟೋಕನ್ ನೋಡಿಕೊಂಡರು. ಗುಲಾಮಗಿರಿ ಎಂದರೆ ಇದೇ. ಯಾರೂ ಬೇಡಿ ಹಾಕುವ ಅಗತ್ಯವಿಲ್ಲ, ಒಂದು ಟೋಕನ್ ಕೊಟ್ಟರೆ ಸಾಕು.

ಬಸ್ಸಿನಲ್ಲಿ ಅತ್ತೆ ಹೇಳಿದಳು: "ನೀನು ಕೂಗಿದ್ದು ಚೆನ್ನಾಗಿತ್ತು ಅಳಿಯಾ. ಮುಂದೇನು ಮಾಡಾದು?"

ನವೆಂಬರ್ 18, ಮಂಗಳವಾರ

ಒಂಬತ್ತು ಪುಟದ ಮನವಿ ಬರೆದೆ. ಹೋರಾಟದ ಸಭೆಗಳಲ್ಲಿ ಹತ್ತು, ಹದಿನೈದು ರೂಪಾಯಿ ಕೊಟ್ಟು ಕೊಂಡ ಕಿರುಹೊತ್ತಿಗೆಗಳು ನನ್ನ ಟ್ರಂಕಿನಲ್ಲಿ ನಲವತ್ತೊಂದಿವೆ. ಹಣ ಯಾರದು, ಬ್ಯಾಂಕ್ ಯಾರದು, ಅಧಿಕಾರಿ ಯಾರ ಆಳು, ಎಲ್ಲದಕ್ಕೂ ಅವುಗಳಲ್ಲಿ ಉತ್ತರವಿದೆ. ಕಾಲೇಜಿನ ಮೂರು ವರ್ಷದಲ್ಲಿ ಯಾರೂ ಹೇಳಿಕೊಡದಿದ್ದನ್ನು ಅವು ಹೇಳಿಕೊಟ್ಟಿವೆ. ಐದನೇ ಪುಟದಲ್ಲಿ ಪೆನ್ನು ಕಾಗದ ಹರಿಯುವಷ್ಟು ಸಿಟ್ಟು ಬಂತು. ಒಳ್ಳೆಯ ಪುಟ ಅದು.

ನಾನು ಕೆಲಸ ಮಾಡುವುದು ಬೆನಕಪ್ಪನ ಜೆರಾಕ್ಸ್ ಅಂಗಡಿಯಲ್ಲಿ. ಅವನೇ ಟೈಪ್ ಮಾಡಿಕೊಟ್ಟ. "ಒಂಬತ್ತು ಪುಟ ಯಾರು ಓದ್ತಾರೆ ಆಂಜನೇಯಾ? ಓದೋರಿದ್ದಿದ್ರೆ ನಿಂಗೆ ಬರೆಯೋ ಕೆಲಸ ಇರ್ತಿತ್ತಾ?" ಎಂದು ನಕ್ಕ. ಕಾಗದದ ದುಡ್ಡು ಮಾತ್ರ ಹಿಡಿದುಕೊಂಡ.

ಉತ್ತರ ಬರದಿದ್ದರೆ ಸೋಮವಾರ ಬ್ಯಾಂಕಿನ ಮುಂದೆ ಧರಣಿ. ಒಬ್ಬನೇ ಆದರೂ ಸರಿ.

ನವೆಂಬರ್ 21, ಶುಕ್ರವಾರ

ಮ್ಯಾನೇಜರ್ ಒಂಬತ್ತೂ ಪುಟ ಓದಿದ್ದರು. ಎರಡು ಕಡೆ ಕಾಗುಣಿತ ತಿದ್ದಿದ್ದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಆಮೇಲೆ ಯೋಜನೆಯ ನಿಯಮದ ಪುಸ್ತಕ ತೆಗೆದು, ಒಂದು ಪುಟ ಮಡಿಸಿ, ನನ್ನ ಕಡೆ ತಿರುಗಿಸಿದರು. "ಓದು ತಮ್ಮಾ. ಗಟ್ಟಿಯಾಗೇ ಓದು."

ಮಂಜೂರಾತಿಗೆ ಮೊದಲು ಕೊಂಡ ಯಂತ್ರಕ್ಕೆ ಸಹಾಯಧನ ಅನ್ವಯಿಸುವುದಿಲ್ಲ. ಒಂದೇ ಸಾಲು. ಗಟ್ಟಿಯಾಗಿ ಓದಲಿಲ್ಲ.

ಆ ಪುಸ್ತಕ ಆಗಸ್ಟ್‌ನಿಂದ ನನ್ನ ಫೋನಿನಲ್ಲಿದೆ. ಅರವತ್ತನಾಲ್ಕು ಪುಟ. ಅರ್ಜಿ ತುಂಬುವಾಗ ಮೊದಲ ಮೂರು ಪುಟ ಓದಿದ್ದೆ. ಯೋಜನೆಯ ಉದ್ದೇಶ ಇದ್ದ ಪುಟಗಳು. ಉದ್ದೇಶ ಚೆನ್ನಾಗಿತ್ತು.

ಸೆಪ್ಟೆಂಬರ್‌ನಲ್ಲಿ ಅತ್ತೆ ನನ್ನನ್ನು ಒಂದು ಮಾತು ಕೇಳಿದ್ದಳು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ನವೆಂಬರ್ 26, ಬುಧವಾರ

ಧರಣಿ ಆಗಲಿಲ್ಲ. ಏನೆಂದು ಕೂಗುವುದು ಎಂದು ತೋಚಲಿಲ್ಲ.

ಇವತ್ತು ಅತ್ತೆಯ ಜೊತೆ ನ್ಯಾಮತಿಗೆ ಹೋದೆ, ಸಂಕ್ರಾಂತಿಯ ಗಡುವು ಮುಂದೆ ಹಾಕಿ ಎಂದು ಕೇಳಲು. ಜಗಳೂರಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿ. ಮೂರು ಬಸ್ಸು. ಹೊನ್ನಾಳಿಯಲ್ಲಿ ಬಸ್ಸಿಗೆ ಕಾಯುತ್ತಾ ಅತ್ತೆ ಚಪ್ಪಲಿ ಬಿಟ್ಟು ಅಂಗಾಲು ಉಜ್ಜಿಕೊಂಡಳು. ಹಿಮ್ಮಡಿಯ ಬಿರುಕಿನಲ್ಲಿ ಮಣ್ಣು ಕೂತು ಕಪ್ಪು ಗೆರೆಗಳಾಗಿವೆ.

ಕೊಟ್ರಬಸಪ್ಪನವರು ಗಾಣದಲ್ಲಿ ಶೇಂಗಾ ಅರೆಯುವ ಒರಳಿಗೆ ಮರ ಕೆತ್ತಿಸುತ್ತಿದ್ದರು. ಎಲ್ಲ ಕೇಳಿ ಜೋರಾಗಿ ನಕ್ಕುಬಿಟ್ಟರು.

"ಇಷ್ಟಕ್ಕೆ ಮೂರು ಬಸ್ ಹತ್ತೀರೇನ್ರೀ? ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ. ಹಳೇ ಬಿಲ್ ಹರಿದಾಕ್ತೀನಿ, ಹೊಸಾದು ಡಿಸೆಂಬರ್ ತಾರೀಖು ಹಾಕಿ ಕೊಡ್ತೀನಿ. ತಾರೀಖು ಅಂದ್ರೆ ಏನು, ದೇವ್ರು ಬರೆದಿದ್ದಾ? ನಾನೇ ಬರೆದಿದ್ದು."

ಅತ್ತೆಯ ಮುಖ ಅರಳಿತು. ಹತ್ತು ದಿನದಲ್ಲಿ ಮೊದಲ ಸಲ.

ನಾನು ಬೇಡ ಎಂದೆ. ಸುಳ್ಳು ಬಿಲ್ ಬೇಡ.

ಕೊಟ್ರಬಸಪ್ಪನವರು ಬಿಲ್ ಪುಸ್ತಕದ ಮೇಲೆ ಹಿಡಿದ ಪೆನ್ನು ಹಾಗೇ ಹಿಡಿದುಕೊಂಡು ನನ್ನನ್ನೂ ಅತ್ತೆಯನ್ನೂ ನೋಡಿದರು. "ಗಾಣ ನಿಂದೋ, ನಿಮ್ಮತ್ತೇದೋ?"

"ಸಹಿ ಅವಳದ್ದಲ್ಲವಾ ಸರ್. ಸಿಕ್ಕಿಬಿದ್ದರೆ ಅವಳು ಬೀಳ್ತಾಳೆ."

ಅವರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. ಸಂಕ್ರಾಂತಿ ಸಂಕ್ರಾಂತಿಯೇ, ಎಂದರು. ವಾಪಸು ಬರುವಾಗ ಮೂರೂ ಬಸ್ಸಿನಲ್ಲಿ ಅತ್ತೆ ಬೇರೆ ಸೀಟಿನಲ್ಲಿ ಕೂತಳು.

ನವೆಂಬರ್ 27, ಗುರುವಾರ

ಅತ್ತೆಯ ಮನೆಯಲ್ಲಿ ಜಗಳ. ಮಾವ ಯರ್ರಿಸ್ವಾಮಿ ಬಾಗಿಲ ಬಳಿ ಕೂತು ಹುರಿ ಹೊಸೆಯುತ್ತಿದ್ದ. ಕುರಿಗಳೆಲ್ಲ ಹೋದ ಮೇಲೂ ಅವನು ಹುರಿ ಹೊಸೆಯುವುದು ಬಿಟ್ಟಿಲ್ಲ.

"ನಿನ್ನ ನ್ಯಾಯ ಹಿಂಡಿದ್ರೆ ಎಷ್ಟು ಎಣ್ಣೆ ಬರ್ತೈತೆ, ಅದೊಂದು ಹೇಳು," ಅಂದಳು ಅತ್ತೆ. "ಊರಾಗೆ ಯಾರು ಸುಳ್ಳು ಬಿಲ್ ಕೊಟ್ಟಿಲ್ಲ? ಟ್ರ್ಯಾಕ್ಟರ್ ತಗಂಡೋರು ಕೊಟ್ಟಿಲ್ವಾ? ನನ್ನ ಪಾಲಿಗೆ ಬಂದಾಗ್ಲೇ ಗಾಂಧಿ ಮಹಾತ್ಮ ಎದ್ದು ಬರಬೇಕಾ?"

ನಾವೂ ಅವರ ಹಾಗೇ ಮಾಡಿದರೆ ನಾಳೆ ಅವರನ್ನು ಕೇಳುವ ಬಾಯಿ ನಮಗಿರುವುದಿಲ್ಲ ಎಂದೆ. ಕಿರುಹೊತ್ತಿಗೆಗಳಲ್ಲಿ ಇದನ್ನು ಇನ್ನೂ ಚೆನ್ನಾಗಿ ಬರೆದಿದ್ದಾರೆ.

"ನಂಗೆ ಯಾರನ್ನೂ ಕೇಳಾದು ಬ್ಯಾಡ. ಗಾಣ ತಿರುಗಿದ್ರೆ ಸಾಕು."

"ಬಿಡೇ, ಅವನು ಹುಡುಗ," ಅಂದ ಮಾವ.

"ಹುಡುಗ ಅಲ್ಲ ಅವನು. ಇಪ್ಪತ್ತೈದು ತುಂಬೈತೆ. ಎಂಟು ಕುರಿ ನಂದು."

ಮಾತು ಸರಿಯಾಗಿಯೇ ಇತ್ತು, ನನ್ನದು. ಅದನ್ನು ಹೇಳಲು ನಾನು ಸರಿಯಾದವನಲ್ಲ ಎನಿಸಿತು. ಆದರೂ ಒಪ್ಪಲಿಲ್ಲ.

ಡಿಸೆಂಬರ್ 3, ಬುಧವಾರ

ಅತ್ತೆ ಮಾತಾಡುತ್ತಿಲ್ಲ. ಮೆಕ್ಕೆಜೋಳದ ತೆನೆ ಮುರಿಯಲು ಕೂಲಿಗೆ ಹೋಗುತ್ತಿದ್ದಾಳೆ. ಗಾಣದ ಕೋಣೆಗೆ ಬೀಗ.

ಡಿಸೆಂಬರ್ 8, ಸೋಮವಾರ

ನಾಗೇಂದ್ರಪ್ಪನವರೇ ನಂಬರ್ ಕೊಟ್ಟರು. ಶನಿವಾರ ಅಂಗಡಿಗೆ ಜೆರಾಕ್ಸ್‌ಗೆ ಬಂದಿದ್ದವರು, ಹೊರಡುವಾಗ ಒಂದು ಚೀಟಿ ಇಟ್ಟು ಹೋದರು. ಈ ಯೋಜನೆಯಲ್ಲಿ ಅರ್ಜಿದಾರರಿಗೆ ದಾರಿ ತೋರಿಸಲೆಂದೇ ನೇಮಿಸಿದವರು ಒಬ್ಬರಿದ್ದಾರೆ, ಪ್ರಮೀಳಾ ಮೇಡಂ, ಚನ್ನಗಿರಿಯವರು. ಆಗಸ್ಟ್‌ನಲ್ಲಿ ಅರ್ಜಿಯಲ್ಲೇ ಅವರ ಹೆಸರಿತ್ತು. ಸರ್ಕಾರದ ಏಜೆಂಟ್ ಇರಬೇಕೆಂದು ನಾನು ಫೋನ್ ಮಾಡಿರಲಿಲ್ಲ.

ಚನ್ನಗಿರಿ ತಲುಪುವಾಗ ಮಧ್ಯಾಹ್ನ ದಾಟಿತ್ತು. ಮೇಡಂ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಫೈಲುಗಳ ನಡುವೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ಮಾತು ಮುಗಿಯುವವರೆಗೂ ಅದರ ಮುಚ್ಚಳ ಅರ್ಧ ತೆರೆದೇ ಇತ್ತು.

"ಮಹಾನವಮಿಗೆ ತಂದ್ರಾ?" ಎಂದು ಮೊದಲೇ ಕೇಳಿದರು. ಹೌದೆಂದೆ. "ಈ ವರ್ಷ ನಿಮ್ಮಂಗೆ ತಂದೋರು ಹದಿನಾಲ್ಕು ಮಂದಿ. ಸಂತೇಬೆನ್ನೂರಲ್ಲೇ ಮೂವರು. ನಾನು ಜುಲೈಯಿಂದ ಬಡ್ಕೊಂತೀನಿ, ಮಂಜೂರಾಗೋ ತನಕ ತರಬ್ಯಾಡ್ರಿ ಅಂತ. 'ಆಯ್ತು ಮೇಡಂ, ಆಯ್ತು ಮೇಡಂ' ಅಂತಾರೆ. ಮಹಾನವಮಿ ಹತ್ರ ಬಂತೂ, ಮೇಡಂ ಯಾರಿಗೂ ನೆನಪಿರಲ್ಲ. ಆಯುಧ ಪೂಜೆಗೆ ಕೂರದ ಕಬ್ಬಿಣ ವರ್ಷಪೂರ್ತಿ ದುಡಿಯಲ್ವಂತೆ. ನಮ್ಮತ್ತೇನೂ ಇದನ್ನೇ ಹೇಳ್ತಾರೆ."

ಸುಳ್ಳು ಬಿಲ್ಲಿನ ವಿಷಯ ಕೇಳಿದೆ. ಅವರು ನನ್ನ ಮುಖ ನೋಡಿದರು.

"ಕೊಟ್ಟೀರಾ?"

"ಇಲ್ಲ."

"ಪುಣ್ಯ ಮಾಡೀರಿ. ನಿಮ್ಮ ಗಾಣದ ಫೋಟೊ ಬ್ಯಾಂಕಿನ ಫೋನಾಗೆ ತಾರೀಖು ಸಮೇತ ಕೂತೈತೆ. ಕೊಟ್ಟಿದ್ರೆ ಇನ್ಯಾವ ಬ್ಯಾಂಕೂ ನಿಮ್ಮತ್ತೇನ ಬಾಗಿಲಿಗೆ ಸೇರಿಸ್ತಿರಲಿಲ್ಲ."

ಗೆದ್ದೆ ಎನಿಸಬೇಕಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಅದೊಂದೇ ಗೊತ್ತಾಗುತ್ತಿತ್ತು.

ದಾರಿ ಇದೆಯಂತೆ. ಗಾಣವನ್ನು ನಿಜವಾಗಿಯೂ ಅಂಗಡಿಗೆ ವಾಪಸು ಒಯ್ಯಬೇಕು. ವ್ಯಾಪಾರ ರದ್ದಾಯಿತೆಂದು ಅವರು ಬರೆದುಕೊಡಬೇಕು, ಮುಂಗಡ ಹಿಂದಿರುಗಿಸಬೇಕು. ಆಮೇಲೆ ಹೊಸ ದರಪಟ್ಟಿ, ಹೊಸ ಅರ್ಜಿ. ಮಂಜೂರಾದ ಮೇಲೆ ಬ್ಯಾಂಕೇ ಅಂಗಡಿಗೆ ದುಡ್ಡು ಕಟ್ಟುತ್ತದೆ, ಆಗ ಗಾಣ ತರಬೇಕು. ಒಂದೂ ಸುಳ್ಳಿಲ್ಲ. ಖರ್ಚು ಮಾತ್ರ ಇದೆ.

"ಬೇರೆಯವರಿಗೂ ಇದನ್ನೇ ಹೇಳಿದ್ರಾ ಮೇಡಂ?"

"ಹೇಳಿದೆ. ಹದಿನಾಲ್ಕರಲ್ಲಿ ಒಬ್ಬರೂ ವಾಪಸ್ ಒಯ್ದಿಲ್ಲ." ಅವರು ಡಬ್ಬಿಯ ಮುಚ್ಚಳ ಪೂರ್ತಿ ತೆಗೆದರು. "ಪೂಜೆ ಆದದ್ದು ಹೆಂಗೆ ಒಯ್ಯಾದು ಅಂತಾರೆ. ಚಿತ್ರಾನ್ನ ಐತೆ, ತಿಂತೀರಾ?"

ತಿಂದೆ.

ಡಿಸೆಂಬರ್ 9, ಮಂಗಳವಾರ

ಮೇಡಂ ಹೇಳಿದಂತೆಯೇ ಆಯಿತು.

"ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು ಪೂಜೆ ಮಾಡೀವಿ," ಅಂದಳು ಅತ್ತೆ. "ಪೂಜೆ ಆದ ಕಬ್ಬಿಣ ಹೊಸ್ತಿಲು ದಾಟಿ ಹಿಂದಕ್ಕೆ ಹೋದ್ರೆ ಆ ಮನೆ ಏಳ್ಗೆ ಆಗಲ್ಲ. ಅದರ ಬದಲು ಕೊಟ್ರಬಸಪ್ಪನೇ ಬಂದು ಕಿತ್ಕಂಡು ಹೋಗ್ಲಿ. ಪಾಪ ಅವನಿಗೆ ಸುತ್ತಿಕೊಳ್ತೈತೆ."

ಮೂಢನಂಬಿಕೆಯ ಬಗ್ಗೆ ಹೇಳಲು ಶುರು ಮಾಡಿದೆ. ನಾಲ್ಕು ವಾಕ್ಯ ಹೇಳಿರಬಹುದು. ಅತ್ತೆ ಕೇಳುತ್ತಲೇ ತೆನೆಯ ಗರಿ ತಾಗಿ ಗೀರಿದ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಐದನೆಯ ವಾಕ್ಯ ಬರಲಿಲ್ಲ.

ಅದರ ಬದಲು ಇನ್ನೊಂದು ಬಂತು. ಸೆಪ್ಟೆಂಬರ್‌ನಲ್ಲಿ ಅವಳು ಕೇಳಿದ್ದಳು, ಸಾಲ ಬರೋಕೆ ಮೊದ್ಲು ತಂದ್ರೆ ಏನೂ ಆಗಲ್ವೇನೋ ಎಂದು. ಜನರ ಹಣಕ್ಕೆ ಯಾರ ಅಪ್ಪಣೆ ಬೇಕು, ತಾ ಎಂದವನು ನಾನು. ತರಬಾರದೆಂದು ಪುಸ್ತಕದಲ್ಲಿತ್ತು. ಓದಿರಲಿಲ್ಲ. ಇಷ್ಟನ್ನೂ ಹೇಳಿದೆ. ಮಾವ ಹುರಿ ಕೆಳಗಿಟ್ಟ.

ಅತ್ತೆ ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸಿದಳು. "ಗೊತ್ತಿತ್ತಲ್ಲೋ."

"ಹೆಂಗೆ?"

"ಓದಿದೋನು ಹೇಳೋವಾಗ ತಡವರಿಸ್ತಾನೆ, ಹಂಗಂತೆ ಹಿಂಗಂತೆ ಅಂತಾನೆ. ನೀನು ಅವತ್ತು ಪಟ್ ಅಂತ ಹೇಳಿದೆ. ಇವನು ಓದಿಲ್ಲ ಅಂತ ಅವಾಗ್ಲೇ ಅನ್ಕಂಡೆ." ಬಾಟಲಿ ಗೂಡಿನಲ್ಲಿಟ್ಟು, "ಆದ್ರೂ ತಂದೆ. ಮಹಾನವಮಿ ಆಸೆ ನಂದಲ್ವಾ. ನಿನ್ನ ಮಾತು ನಂಗೆ ನೆಪ ಆಯ್ತು," ಅಂದಳು.

ಊಟಕ್ಕೆ ಕೂರು ಎಂದಳು. ಮುದ್ದೆ ಆರಿತ್ತು. ಎರಡು ಉಂಡೆ.

ಡಿಸೆಂಬರ್ 12, ಶುಕ್ರವಾರ

ಅತ್ತೆ ಬೆಳಿಗ್ಗೆಯೇ ಅಂಗಡಿಗೆ ಬಂದಳು. ನನ್ನ ಅಂಗಡಿಗೆ ಅವಳು ಬಂದದ್ದು ಇದೇ ಮೊದಲು. ಬೆನಕಪ್ಪ ಸ್ಟೂಲ್ ಕೊಟ್ಟ. ಕೂರಲಿಲ್ಲ.

"ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗ್ತಾಳಾ ಇಲ್ವಾ?"

"ಹೋಗ್ತಾಳೆ."

"ಹೋದ್ರೆ ಗಂಡನ ಮನೆ ಕೆಡ್ತೈತಾ?"

"ಇಲ್ಲ."

"ಹಂಗಾರೆ ಸೋಮವಾರ ಟೆಂಪೊ ಹೇಳು. ಮಡ್ಲಕ್ಕಿ ಕಟ್ಟಿ ಕಳಿಸ್ತೀನಿ. ಹುಟ್ಟಿದ ಮನೆಗೆ ಹೋಗಿ ಬರ್ಲಿ. ತಿರುಗಿ ಬರೋದಕ್ಕೆ ಹೋಗಾದು ಹಿಂದಕ್ಕೆ ಹೋದಂಗಲ್ಲ."

ಟೆಂಪೊದವನಿಗೆ ಫೋನ್ ಮಾಡಿದೆ.

ಡಿಸೆಂಬರ್ 15, ಸೋಮವಾರ

ಐದು ಜನ ಮುತ್ತೈದೆಯರು ಬಂದಿದ್ದರು. ಗಾಣದ ಒರಳು ತೊಳೆದು, ಹೊಸದಾಗಿ ಅರಿಶಿನ ಹಚ್ಚಿದರು. ಹಸಿರು ಕುಪ್ಪಸದ ಕಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಎಲೆ ಅಡಿಕೆ ಇಟ್ಟು ಗಂಟು ಹಾಕಿ ಒರಳಿನ ಸೊಂಟಕ್ಕೆ ಕಟ್ಟಿದರು. ಒಬ್ಬಾಕೆ, "ಗಾದ್ರಮ್ಮಾ, ನಿನ್ನ ಮಗಳು ಬಲು ದಪ್ಪ ಕಣೇ, ಎಷ್ಟು ತಿಂಗಳು?" ಎಂದು ಕೇಳಿದಳು. ಅತ್ತೆ ನಕ್ಕಳು. ಆರು ಜನ ಎತ್ತಿ ಟೆಂಪೊಗೆ ಹಾಕುವಾಗ ಸೆರಗು ಬಾಯಿಗೆ ಹಿಡಿದುಕೊಂಡಳು. ಹೋಗಿ ಬಾ ಎಂದಳು. ನನಗೋ, ಗಾಣಕ್ಕೋ.

ನಾನು ಹಿಂದೆ ಗಾಣದ ಜೊತೆ ಕೂತೆ, ಹಗ್ಗ ಹಿಡಿದುಕೊಂಡು. ದಾವಣಗೆರೆ ದಾಟಿದ ಮೇಲೆ ರಸ್ತೆ ಗುಂಡಿ. ಪ್ರತಿ ಗುಂಡಿಗೂ ಗಂಟು ಜಾರುತ್ತಿತ್ತು, ಪ್ರತಿ ಸಲವೂ ಸರಿ ಮಾಡಿದೆ. ಹೊನ್ನಾಳಿ ಸೇತುವೆಯ ಮೇಲೆ ಟ್ರಾಫಿಕ್ ನಿಂತಾಗ ಪಕ್ಕದ ಬೈಕಿನವನು ಬಗ್ಗಿ ನೋಡಿ, "ಯಾವ ದೇವ್ರಣ್ಣಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈ ಮುಗಿದ.

ಕೊಟ್ರಬಸಪ್ಪನವರು ಗಂಟು ನೋಡಿ ಸೊಂಟದ ಮೇಲೆ ಕೈಯಿಟ್ಟರು. "ಏನಪ್ಪಾ, ನನ್ನ ಮಗಳನ್ನ ಬಸುರಿ ಮಾಡಿ ಕಳಿಸೀರಾ?" ಆಮೇಲೆ ಒರಳಿನೊಳಗೆ ಮೂಗು ಇಟ್ಟು ಮೂಸಿ ಗಂಭೀರವಾದರು. "ಓಡಿಸೀರಿ ಇದನ್ನ."

ಪೂಜೆಯ ದಿನ ಒಂದು ಹಿಡಿ ಶೇಂಗಾ ಹಾಕಿ ಮೂರು ಸುತ್ತು ತಿರುಗಿಸಿದ್ದೆವು. ಹೇಳಿದೆ. ಸುಮ್ಮನಿದ್ದರೂ ನಡೆಯುತ್ತಿತ್ತೇನೋ.

"ಮೂರೇ ಸುತ್ತು ಆದ್ರೂ ಇದು ಇನ್ನು ಹೊಸದಲ್ಲ. ಬ್ಯಾಂಕಿಗೆ ಇದೇ ನಂಬರಿನ ಯಂತ್ರ ತೋರಿಸಾಕೆ ನಂಗೂ ಬರಲ್ಲ, ಹಳೇ ಫೋಟೊದಾಗೆ ನಂಬರ್ ಐತೆ. ಇದನ್ನ ಕಡಿಮೆ ರೇಟಿಗೆ ಬೇರೆ ಯಾರಿಗಾದ್ರೂ ಕೊಡ್ತೀನಿ. ನಿಮಗೆ ಬರಾದು ಬೇರೆ ಗಾಣ." ಮುಂಗಡದಲ್ಲಿ ಆರು ಸಾವಿರ ಹಿಡಿದುಕೊಂಡು ಉಳಿದದ್ದಕ್ಕೆ ಚೆಕ್ ಬರೆದರು. ರದ್ದು ಮಾಡಿದ ಕಾಗದಕ್ಕೆ ಇವತ್ತಿನ ತಾರೀಖನ್ನೇ ಹಾಕಿ ನನ್ನ ಕಡೆ ತಿರುಗಿಸಿ ತೋರಿಸಿದರು. ಗಡುವಿನ ಮಾತೇ ಇನ್ನಿಲ್ಲವಲ್ಲ, ಎಂದರು.

ಅಷ್ಟರಲ್ಲಿ ಅವರ ಮನೆಯಾಕೆ ಕಸ್ತೂರಮ್ಮ ಒಳಗಿಂದ ಚೊಂಬಿನಲ್ಲಿ ನೀರು ತಂದು, ಗಾಣದ ಬುಡಕ್ಕೆ ಹಾಕಿ, ದೃಷ್ಟಿ ತೆಗೆದು, ಗಂಟನ್ನು ಬಿಚ್ಚಿ ಸೆರಗಿನಲ್ಲಿ ಹಾಕಿಕೊಂಡರು. ಯಾರೂ ಅವರಿಗೆ ಹೇಳಿರಲಿಲ್ಲ. "ದೂರದಿಂದ ಬಂದೈತೆ," ಅಂದರು ಅಷ್ಟೆ.

ಬೇರೆ ಗಾಣ ಬರುವುದನ್ನು ಅತ್ತೆಗೆ ಹೇಗೆ ಹೇಳುವುದು.

ಡಿಸೆಂಬರ್ 17, ಬುಧವಾರ

ಹೇಳಿದೆ. ನಿನ್ನೆ ಹೇಳಬೇಕಿತ್ತು, ನಿನ್ನೆ ಹೋಗಲಿಲ್ಲ.

ಮೊದಲು ಮಾತಾಡಿದ್ದು ಮಾವ. "ತವರಿಗೆ ಹೋದ ಮಗಳು ಹೋದಂಗೇ ಬರ್ತಾಳೇನೇ? ನೀನು ಬಂದಿದ್ಯಾ?"

ಅತ್ತೆ ಎದ್ದು ಕೋಣೆಯ ಬೀಗ ತೆಗೆದು ಕಸ ಗುಡಿಸಿದಳು. ಗಾಣ ಕೂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು, ಅಂಗೈಯಗಲ. ಅದನ್ನು ಬಿಟ್ಟು ಸುತ್ತಲೂ ಗುಡಿಸಿದಳು. ನಾನು ಪೊರಕೆ ತೆಗೆದುಕೊಂಡು ಅಂಗಳ ಗುಡಿಸಿದೆ.

ಡಿಸೆಂಬರ್ 24, ಬುಧವಾರ

ಹೊಸ ಅರ್ಜಿ ಹೋಯಿತು. ಅರವತ್ತನಾಲ್ಕು ಪುಟವನ್ನೂ ಎರಡು ಸಲ ಓದಿದೆ. ಐವತ್ತೆರಡನೇ ಪುಟದಲ್ಲಿ ಒಂದು ಅನುಬಂಧ ಇದೆ, ಅದನ್ನು ಜೋಡಿಸದೆ ಬಹಳ ಜನರ ಅರ್ಜಿ ವಾಪಸು ಬರುತ್ತದೆಯಂತೆ. ಜೋಡಿಸಿದೆ. ಅತ್ತೆಯ ಹೆಸರು ಆಧಾರ್‌ನಲ್ಲಿ ಗಾದ್ರಮ್ಮ, ಪಾಸ್‌ಬುಕ್ಕಿನಲ್ಲಿ ಗಾದರಮ್ಮ. ಅದನ್ನು ಸರಿಪಡಿಸಲು ಎರಡು ದಿನ ಹಿಡಿಯಿತು. ಎರಡೂ ದಿನ ಅವಳು ಕೂಲಿ ಬಿಟ್ಟು ಬೆಂಚಿನ ಮೇಲೆ ಕೂತಳು.

ಬ್ಯಾಂಕಿನಲ್ಲಿ ಪಕ್ಕದ ಹಟ್ಟಿಯವನೊಬ್ಬ ರೊಟ್ಟಿ ಯಂತ್ರದ ಕಾಗದ ಹಿಡಿದುಕೊಂಡು ನಿಂತಿದ್ದ. ಮಂಜೂರಾಗೋ ತನಕ ತರಬೇಡಿ, ಹಬ್ಬ ಬಂದರೂ ತರಬೇಡಿ, ಸ್ವಲ್ಪ ಕಾಯಿರಿ ಎಂದೆ. ಆಯ್ತು ಸಾರ್ ಎಂದ. ಅವನು ತಂದೇ ತರುತ್ತಾನೆ. ಫೋನ್ ನಂಬರ್ ಬರೆದುಕೊಟ್ಟೆ.

ಭಾನುವಾರ ದಾವಣಗೆರೆಯಲ್ಲಿ ದೊಡ್ಡ ಸಭೆ ಇತ್ತಂತೆ. ಮರೆತಿದ್ದೆ.

ಜನವರಿ 2, ಶುಕ್ರವಾರ

ಹನ್ನೊಂದು ಗಂಟೆಗೆ ನಾಗೇಂದ್ರಪ್ಪನವರು ಫೋನ್ ಮಾಡಿ ಕರೆದರು. ಹೋದೆ. ಮೇಜಿನ ಮೇಲೆ ಅತ್ತೆಯ ಫೈಲು. ಮೇಲೊಂದು ಹಾಳೆ, ಮಂಜೂರಾತಿ ಪತ್ರ. ಸಬ್ಸಿಡಿಯ ಸಾಲು ಕೆಳಗಿನಿಂದ ಮೂರನೆಯದು. ಅದನ್ನು ಎರಡು ಸಲ ಓದಿದೆ, ಆಮೇಲೆ ಮೇಲಿನದ್ದೆಲ್ಲ ಓದಿದೆ. ಅವರು ಕಾಯುತ್ತಿದ್ದರು.

"ಕೂಗಲ್ವಾ ಇವತ್ತು?" ಅಂದರು.

"ಇಲ್ಲ ಸರ್."

"ನಿಮ್ಮತ್ತೆ ಬರಬೇಕು, ಕೊಟ್ರಬಸಪ್ಪನೂ ಬರಬೇಕು. ಇಬ್ಬರೂ ನನ್ನ ಮುಂದೆ ಸಹಿ ಹಾಕಬೇಕು. ಅವತ್ತೇ ದುಡ್ಡು ಕಟ್ತೀನಿ, ಮಾರನೇ ದಿನ ಗಾಣ ತರಿಸ್ಕಳ್ರಿ. ಮಂಗಳವಾರ ಮೂರೂವರೆಗೆ ಬರ್ರಿ, ಆಗ ಜನ ಕಡಿಮೆ ಇರ್ತಾರೆ."

ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ನನಗೆ ಅದು ಯಾವಾಗ ಬಾಯಿಪಾಠ ಆಯಿತೋ ಗೊತ್ತಿಲ್ಲ. ಅತ್ತೆ ಬರುತ್ತಾಳೆ, ಬರುವುದಿಲ್ಲ ಎನ್ನುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಸಹಿ ಹಾಕಿದರೆ, ಮುಂದೆ ಗಾಣ ಒಂದು ದಿನ ನಿಂತರೂ ಅವಳಿಗೆ ಅದೇ ನೆನಪಾಗುತ್ತದೆ.

"ಮಂಗಳವಾರ ಬೇಡ ಸರ್," ಎಂದೆ. "ಆ ಹೊತ್ತಿಗೆ ನಮ್ಮೂರಿಂದ ಬಸ್ಸಿಲ್ಲ."

ಬಸ್ಸಿದೆ. ಎರಡಿವೆ.

ನಾಗೇಂದ್ರಪ್ಪನವರು ಕನ್ನಡಕ ಮೇಲೇರಿಸಿ ಗೋಡೆಯ ಕ್ಯಾಲೆಂಡರ್ ನೋಡಿದರು. ಮಂಗಳವಾರದ ಚೌಕದ ಮೇಲೆ ಬೆರಳಿಟ್ಟು ಸಣ್ಣಕ್ಷರ ಓದಿದರು. ಮುಖದಲ್ಲಿ ನಗು ಇರಲಿಲ್ಲ.

"ಹೌದಪ್ಪಾ. ಮೂರರಿಂದ ನಾಲ್ಕೂವರೆ ತನಕ ನಿಮ್ಮೂರಿಗೆ ಬಸ್ ಇರಲ್ಲ," ಅಂದರು. ಬೆರಳು ಪಕ್ಕದ ಚೌಕಕ್ಕೆ ಸರಿಯಿತು. "ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಬಸ್ ನಿಲ್ಸಿ ಒಂದೂವರೆಗೆ ಬಿಡ್ತಾರೆ. ಅದಕ್ಕೆ ಮೊದ್ಲು ಬಸ್ ಐತಾ?"

"ಐತೆ ಸರ್."

ಚೀಟಿಯಲ್ಲಿ ಬರೆದುಕೊಟ್ಟರು. ಕೊಟ್ರಬಸಪ್ಪನವರಿಗೆ ಅಲ್ಲಿಂದಲೇ ಫೋನ್ ಮಾಡಿದೆ, ಬರುತ್ತೇನೆಂದರು. ಕಸ್ತೂರಮ್ಮನವರೂ ಬರುತ್ತಾರಂತೆ. ಅತ್ತೆಗೆ ಹೇಳಲು ಹೊಲದ ತನಕ ನಡೆದುಕೊಂಡೇ ಹೋದೆ. ತೆನೆಯ ರಾಶಿಯ ಹಿಂದೆ ಇದ್ದಳು. ಮಂಜೂರಾಯಿತು ಎಂದೆ. ಅವಳು ಕೈಯಲ್ಲಿದ್ದ ತೆನೆ ಸುಲಿದು ಮುಗಿಸಿ ಕೆಳಗಿಟ್ಟಳು.

"ಯಾವತ್ತು?"

ಬುಧವಾರ, ಜನವರಿ ಏಳು, ಬೆಳಿಗ್ಗೆ ಹತ್ತೂವರೆ, ಬ್ಯಾಂಕಿನ ಬಾಗಿಲಲ್ಲಿ.